ಮೀನು ವ್ಯಾಪಾರಕ್ಕೆ ಸಾಲ: ಸೊಸೈಟಿಯಲ್ಲೋ, ಮೈಕ್ರೋಫೈನಾನ್ಸಲ್ಲೋ?

ಕೇಳಿದವರು, ಕಾರವಾರ:
ನಾವು ಹತ್ತು ಹೆಂಗಸರು ಮೀನು ಮಾರುತ್ತೇವೆ. ಒಂದು ಮೈಕ್ರೋಫೈನಾನ್ಸ್ ಕಂಪನಿಯವರು ಮನೆಗೇ ಬಂದು ತಲಾ 50,000 ಕೊಡುತ್ತೇವೆ ಅನ್ನುತ್ತಿದ್ದಾರೆ. ಸೊಸೈಟಿಯಲ್ಲಿ, ಅಂದರೆ ಪತ್ತಿನ ಸಂಘದಲ್ಲಿ, ಬಡ್ಡಿ ಕಡಿಮೆ, ಆದರೆ ಇಬ್ಬರು ಜಾಮೀನುದಾರರು ಬೇಕಂತೆ. ಸಾಲ ಮಾಡಿ ಕಂಡವರು ಹೇಳಿ.

ಅಂಕೋಲಾದಿಂದ:
ಅಕ್ಕಾ, ನಾನೂ ಬುಟ್ಟಿ ಹೊತ್ತವಳೇ. ನಂದು ಮೈಕ್ರೋಫೈನಾನ್ಸಿನ ಗುಂಪು ಸಾಲ, ವಾರದ ಕಂತು. ಜೂನ್ 1ರಿಂದ ಜುಲೈ 31ರವರೆಗೆ ಬೋಟ್ ಇಳಿಯುವುದಿಲ್ಲ ಅಲ್ವಾ? ಆ 61 ದಿನ ವ್ಯಾಪಾರ ನಿಂತಿತು, ಕಂತು ನಿಲ್ಲಲಿಲ್ಲ. ನಾನು ಕಟ್ಟದಿದ್ದರೆ ಗುಂಪಿನವರು ಹಾಕಬೇಕು. ಅದಕ್ಕೇ ಇನ್ನೊಂದು ಕಂಪನಿಯಲ್ಲಿ ಎತ್ತಿ ಮೊದಲನೆಯದಕ್ಕೆ ಕಟ್ಟಿದೆ. ಕಂಪನಿಯ ಪುಸ್ತಕದಲ್ಲಿ ನಾನು ಒಂದು ಕಂತೂ ತಪ್ಪಿಸದವಳು. ಮನೆಯಲ್ಲಿ ಕಿವಿಯೋಲೆ ಅಡ ಇಟ್ಟಾಗಿತ್ತು. ಹತ್ತು ವರ್ಷದ ಗೆಳತಿಯ ಜೊತೆ ಮಾತು ಬಿಟ್ಟಿತ್ತು. ವಸೂಲಿ ಚೆನ್ನಾಗಿದೆ ಅಂದರೆ ಸಾಲಗಾರರು ಚೆನ್ನಾಗಿದ್ದಾರೆ ಅಂತ ದಯವಿಟ್ಟು ತಿಳಿಯಬೇಡಿ.

ಕುಮಟಾದಿಂದ:
ಕಂಪನಿಯಲ್ಲೇ ತೆಗೆದುಕೊಳ್ಳುವುದಾದರೆ ನಿಯಮ ಗೊತ್ತಿರಲಿ. 2022ರ ಏಪ್ರಿಲ್ 1ರಿಂದ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಇದೆ. ವರ್ಷಕ್ಕೆ 3 ಲಕ್ಷದವರೆಗೆ ಆದಾಯ ಇರುವ ಕುಟುಂಬಕ್ಕೆ ಅಡಮಾನ ಇಲ್ಲದೆ ಸಾಲ. ಮನೆಯ ಎಲ್ಲಾ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ಮುಂಚೆಯೇ ತೀರಿಸಿದರೆ ದಂಡ ಇಲ್ಲ. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಕಾಡುವಂತಿಲ್ಲ. ಆದರೆ ಮೊದಲಿದ್ದ ಬಡ್ಡಿಯ ಮಿತಿ ತೆಗೆದುಹಾಕಿದ್ದಾರೆ, ಅದಕ್ಕೇ ದರ ಕೇಳಲೇಬೇಕು. 12 ಪರ್ಸೆಂಟ್ ಫ್ಲಾಟ್ ಅಂದರೆ 50,000ಕ್ಕೆ ಎರಡು ವರ್ಷಕ್ಕೆ 12,000 ಬಡ್ಡಿ. ಅಸಲು ತಿಂಗಳು ತಿಂಗಳು ಇಳಿಯುತ್ತಿದ್ದರೂ ಬಡ್ಡಿ ಪೂರ್ತಿ 50,000ದ ಮೇಲೇ. ನಿಜವಾದ ದರ 21 ದಾಟುತ್ತದೆ.

ಆ ಅರ್ಧದ ನಿಯಮ ನನ್ನನ್ನು ಕಾಯಬೇಕಿತ್ತು. ಏಜೆಂಟ್ ನಮ್ಮ ಆದಾಯವನ್ನು ತಾನೇ ಜಾಸ್ತಿ ಬರೆದುಕೊಂಡ. ನಾನು ಓದದೆ ಸಹಿ ಹಾಕಿದೆ. ನೀವು ಆದಾಯ ಬರೆದ ಆ ಒಂದು ಸಾಲನ್ನು ಓದಿಸಿಕೊಂಡೇ ಸಹಿ ಹಾಕಿ.

ಶಿರಸಿಯಿಂದ, ಸೊಸೈಟಿಯಲ್ಲಿ ಕೆಲಸ ಮಾಡಿ ನಿವೃತ್ತನಾದವನು:
ತಂಗಿ, ನಮ್ಮ ಕಡೆ ಸೊಸೈಟಿ ಸಾಲ ಸಲೀಸಾಗಿ ತೀರುವುದಕ್ಕೆ ಕಾರಣ ಇದೆ. 1923ರಲ್ಲಿ ಶುರುವಾದ ಟಿ.ಎಸ್.ಎಸ್. (ತೋಟಗಾರ್ಸ್ ಸೇಲ್ ಸೊಸೈಟಿ)ನಂಥ ಬೆಳೆಗಾರರ ಸಂಘಗಳ ಮೂಲಕವೇ ಅಡಿಕೆ ಮಾರಾಟ. ಮಾರಿದ ದುಡ್ಡಿನಲ್ಲೇ ಸಾಲ ಮುರಿದುಕೊಳ್ಳಬಹುದು. ಕೈಗೆ ದುಡ್ಡು ಬರುವ ಹೊತ್ತಿಗೇ ಕಂತು. ಮೀನಿಗೂ ಹಾಗೇ ಆಗಬೇಕು. ಮಳೆಗಾಲದ ಎರಡು ತಿಂಗಳು ಬಡ್ಡಿ ಮಾತ್ರ ಕಟ್ಟುತ್ತೇವೆ ಅಂತ ಅರ್ಜಿಯಲ್ಲೇ ಬರೆದು ಕೇಳಿ.

ಸೊಸೈಟಿಯ ತಪ್ಪನ್ನೂ ಹೇಳುತ್ತೇನೆ. 5 ಲಕ್ಷದವರೆಗೆ ಬಡ್ಡಿಯಿಲ್ಲದ ಬೆಳೆಸಾಲ ಇದೆ, ಆದರೆ ಅದು ಪಹಣಿ ಇದ್ದವರಿಗೆ. ಪಹಣಿ ಇಲ್ಲದ ಹೆಂಗಸರು ಎಷ್ಟೋ ಸಲ ನನ್ನ ಮೇಜಿನಿಂದಲೇ ವಾಪಸ್ ಹೋದರು. ಕಂಪನಿಯವರು ಅವರ ಜಗುಲಿಗೆ ಹೋಗಿ ಕೂತರು. ಅದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ.

ಜಾಮೀನಿಗೆ ಒಂದು ದಾರಿ ಇದೆ. ಹತ್ತೂ ಜನ ಮೊದಲು ಷೇರು ಹಾಕಿ ಸದಸ್ಯರಾಗಿ. ನಮ್ಮಲ್ಲಿ ಸದಸ್ಯರೇ ಒಬ್ಬರಿಗೊಬ್ಬರು ನಿಲ್ಲುತ್ತಿದ್ದರು. ಉಳಿತಾಯ ಮಾತ್ರ ಎಲ್ಲಾ ಅಲ್ಲೇ ಇಡಬೇಡಿ. 5 ಲಕ್ಷದ ಠೇವಣಿ ವಿಮೆ ಬ್ಯಾಂಕುಗಳಿಗೆ ಇದೆ, ಪತ್ತಿನ ಸಂಘಕ್ಕೆ ಇಲ್ಲ.

ಕೇಳಿದವರು:
ಸೋಮವಾರ ನಾವು ಐದು ಜನ ಷೇರು ಹಾಕಲು ಹೋಗುತ್ತೇವೆ. ಉಳಿದ ಐವರಿಗೆ ಇದನ್ನೆಲ್ಲಾ ಇವತ್ತು ರಾತ್ರಿ ಓದಿ ಹೇಳುತ್ತೇನೆ. ಅಂಕೋಲಾದ ಅಕ್ಕಾ, ಓಲೆ ಬಿಡಿಸಿಕೊಂಡ್ರಾ?

ಅಂಕೋಲಾದಿಂದ:
ಹೋದ ದೀಪಾವಳಿಗೆ ಬಿಡಿಸಿದೆ. ಗೆಳತಿಯೂ ಮಾತಾಡುತ್ತಿದ್ದಾಳೆ.