455 ಡಯೋಡ್, 1064 ಫೈಬರ್: ಎರಡೂ ಲೇಸರ್‌ಗೆ ಒಂದೇ ಕನ್ನಡಕ ಸಾಕಾ?

ಪೀಣ್ಯ_ಕೆತ್ತನೆ:
ಪೀಣ್ಯದಲ್ಲಿ ಚಿಕ್ಕ ವರ್ಕ್‌ಶಾಪ್. ಮರ, ಚರ್ಮ ಕೆತ್ತೋಕೆ 455 ನ್ಯಾನೋಮೀಟರ್‌ನ ಡಯೋಡ್ ಲೇಸರ್ ಇದೆ, 10 ವ್ಯಾಟ್, ಸುತ್ತ ಮುಚ್ಚಿಲ್ಲ. ಮುಂದಿನ ತಿಂಗಳು ಸ್ಟೀಲ್ ಮಾರ್ಕಿಂಗ್‌ಗೆ 30 ವ್ಯಾಟ್ ಫೈಬರ್, 1064 ನ್ಯಾನೋಮೀಟರ್, ಬರ್ತಿದೆ. ಡಯೋಡ್ ಜೊತೆ ಬಂದ ಕಿತ್ತಳೆ ಕನ್ನಡಕದ ಮೇಲೆ ಏನೂ ಅಚ್ಚಾಗಿಲ್ಲ. ಅಂಗಡಿಯಲ್ಲಿ ಒಂದು ಹಸಿರು ಕನ್ನಡಕ ತೋರಿಸಿ "ಓಡಿ 4+, ಎಲ್ಲಾ ಲೇಸರ್‌ಗೂ ಆಗುತ್ತೆ" ಅಂದರು. ಓಡಿ (OD) ಅಂದರೆ ಕನ್ನಡಕ ಬೆಳಕನ್ನು ಎಷ್ಟು ತಡೆಯುತ್ತೆ ಅನ್ನೋ ಅಳತೆಯಂತೆ. ತಗೊಳ್ಳಬಹುದಾ? ಮನೇಲೇ ಪರೀಕ್ಷೆ ಮಾಡೋಕೆ ದಾರಿ ಇದೆಯಾ?

ಬೆಳಕಿನ_ಲೆಕ್ಕ:
"ಎಲ್ಲಾ ಲೇಸರ್‌ಗೂ" ಅನ್ನೋ ಕನ್ನಡಕ ಇಲ್ಲವೇ ಇಲ್ಲ. ಎಲ್ಲಾ ತರಂಗಾಂತರ ತಡೆದರೆ ಅದರೊಳಗಿಂದ ಏನೂ ಕಾಣಲ್ಲ. ಬಣ್ಣ ನೋಡಿ ಕೊಳ್ಳಬೇಡಿ, ಲೆನ್ಸ್ ಮೇಲೆ ಅಚ್ಚಾದ ಸಂಖ್ಯೆ ನೋಡಿ. ಯಾವ ತರಂಗಾಂತರಕ್ಕೆ ಎಷ್ಟು ಓಡಿ ಅಂತ ಬರೆದಿರದ ಕನ್ನಡಕವನ್ನು ಲೇಸರ್ ಕನ್ನಡಕ ಅಂತ ಲೆಕ್ಕಕ್ಕೇ ಇಟ್ಟುಕೊಳ್ಳಬೇಡಿ. ನಿಮ್ಮ ಕಿತ್ತಳೆಯದ್ದಕ್ಕೂ ಇದೇ ಮಾತು.

ಓಡಿ ಒಂದು ಹೆಚ್ಚಾದರೆ ಒಳಬರುವ ಬೆಳಕು ಹತ್ತು ಪಟ್ಟು ಕಡಿಮೆ. 10 ವ್ಯಾಟ್‌ಗೆ ಓಡಿ 4 ಹಾಕಿದರೆ ಹತ್ತು ಸಾವಿರದಲ್ಲಿ ಒಂದು ಪಾಲು, ಅಂದರೆ 1 ಮಿಲಿವ್ಯಾಟ್ ಕಣ್ಣಿಗೆ ಬರುತ್ತೆ. ಅದು ಕ್ಲಾಸ್ 2, ಅಂದರೆ ಕಡಿಮೆ ಅಪಾಯದ ವರ್ಗದ ಲೇಸರ್‌ನ ಗಡಿ. ಕಾಲು ಸೆಕೆಂಡಿನಲ್ಲಿ ರೆಪ್ಪೆ ಮುಚ್ಚಿಕೊಳ್ಳುತ್ತೆ ಅನ್ನೋ ನಂಬಿಕೆ ಮೇಲೆ ನಿಂತಿರೋ ಗಡಿ. ನಿಮ್ಮ ಡಯೋಡ್‌ಗೆ 455ರಲ್ಲಿ ಓಡಿ 5 ಅಥವಾ 6 ಇರಲಿ. ಹಾಗೇ ಆ 10 ವ್ಯಾಟ್ ಹೊರಬರುವ ಬೆಳಕಿನದಾ, ವಿದ್ಯುತ್ ಸೆಳೆತದ್ದಾ ನೋಡಿಕೊಳ್ಳಿ. ಜಾಹೀರಾತಲ್ಲಿ ದೊಡ್ಡದಾಗಿ ಬರೆಯೋದು ಎಷ್ಟೋ ಸಲ ಎರಡನೆಯದನ್ನೇ. ಲೆಕ್ಕಕ್ಕೆ ಬೇಕಾದ್ದು ಮೊದಲನೆಯದು.

ಫೈಬರ್_ಗಿರಿ:
ಫೈಬರ್ ಬಗ್ಗೆ ಸ್ವಲ್ಪ ಒತ್ತಿ ಹೇಳ್ತೀನಿ. 1064 ಕಣ್ಣಿಗೆ ಕಾಣಲ್ಲ. ಕಾಣದ ಬೆಳಕಿಗೆ ರೆಪ್ಪೆ ಮಿಟುಕೋದೂ ಇಲ್ಲ. ಆದರೆ ಕಣ್ಣಿನ ಮಸೂರ ಅದನ್ನು ನೇರವಾಗಿ ರೆಟಿನಾ ಮೇಲೆ ಕೂಡಿಸುತ್ತೆ, ಸುಟ್ಟ ಜಾಗ ವಾಪಸ್ ಬರಲ್ಲ. ಹೊಳಪಿನ ಸ್ಟೀಲ್ ಮೇಲೆ ಮಾರ್ಕ್ ಮಾಡುವಾಗ ಪ್ರತಿಫಲನ ಯಾವ ಕಡೆ ಹೋಗುತ್ತೆ ಅಂತ ಊಹಿಸೋಕೂ ಆಗಲ್ಲ.

ಲೇಸರ್ ಕನ್ನಡಕಕ್ಕಿರೋ ಯುರೋಪಿನ ಮಾನದಂಡ ಇಎನ್ 207ರ ಗುರುತು ಹುಡುಕಿ. "1064 ಡಿಐಆರ್ ಎಲ್‌ಬಿ6" ಥರ ಇರುತ್ತೆ. ಡಿ ಅಂದರೆ ನಿರಂತರ ಕಿರಣ, ಐ ಉದ್ದ ಪಲ್ಸ್, ಆರ್ ನ್ಯಾನೋಸೆಕೆಂಡ್ ಪಲ್ಸ್. ಮಾರ್ಕಿಂಗ್ ಫೈಬರ್ ನ್ಯಾನೋಸೆಕೆಂಡ್ ಪಲ್ಸ್‌ನಲ್ಲೇ ಕೆಲಸ ಮಾಡೋದರಿಂದ ಆರ್ ಇರಲೇಬೇಕು. ಬರೀ ಡಿ ಇದ್ದರೆ ಬಿಡಿ. ಎಲ್‌ಬಿ ಸಂಖ್ಯೆ, ಬೆಳಕು ಎಷ್ಟು ತಗ್ಗುತ್ತೆ ಅನ್ನೋದರ ಜೊತೆಗೆ ನೇರ ಕಿರಣ ಬಿದ್ದರೆ ಲೆನ್ಸೂ ಫ್ರೇಮೂ ತಡೆದುಕೊಳ್ಳುತ್ತಾ ಅನ್ನೋದನ್ನೂ ಹೇಳುತ್ತೆ. ಓಡಿ ಈ ಎರಡನೆಯದನ್ನು ಹೇಳಲ್ಲ. ಕರಗಿ ತೂತಾದ ಲೆನ್ಸ್‌ನ ಓಡಿ ಸೊನ್ನೆ.

ಎರಡೂ ತರಂಗಾಂತರ ಅಚ್ಚಾಗಿರೋ ಒಂದೇ ಕನ್ನಡಕ ಸಿಗುತ್ತೆ, ಆದರೆ ಎರಡು ಬೇರೆ ಬೇರೆ ತಗೊಂಡು ಆಯಾ ಮಷಿನ್‌ಗೆ ದಾರ ಕಟ್ಟಿ ನೇತುಹಾಕೋದು ಒಳ್ಳೇದು. ಎರಡನ್ನೂ ತಡೆಯೋದರಲ್ಲಿ ಕೋಣೆ ಕತ್ತಲಾಗುತ್ತೆ. ಫೈಬರ್‌ನ ಕೆಂಪು ಪಾಯಿಂಟರ್ ಕಾಣದೆ ಹೋದರೆ ಜೋಡಿಸುವಾಗ ಕನ್ನಡಕ ಎತ್ತಿಬಿಡ್ತಾರೆ. ಅನಾಹುತ ಆಗೋದು ಅಲ್ಲೇ. ಆದ್ದರಿಂದ ಕಾಣುವ ಬೆಳಕು ಎಷ್ಟು ಶೇಕಡಾ ದಾಟುತ್ತೆ ಅಂತಲೂ ಕೇಳಿ. 20ಕ್ಕಿಂತ ಕಡಿಮೆ ಇದ್ದರೆ ವರ್ಕ್‌ಶಾಪಿಗೆ ಹೆಚ್ಚು ದೀಪ ಬೇಕು.

ಬೆಳಕಿನ_ಲೆಕ್ಕ:
ಪರೀಕ್ಷೆ ಪ್ರಶ್ನೆಗೆ: ಲೆನ್ಸ್ ಹಿಂದೆ ಪೇಪರ್ ಇಟ್ಟು "ಸುಡಲಿಲ್ಲ" ಅನ್ನೋದು ಪರೀಕ್ಷೆ ಅಲ್ಲ. ಪೇಪರ್ ಸುಡದಷ್ಟು ಬೆಳಕು ರೆಟಿನಾ ಸುಡೋಕೆ ಧಾರಾಳ ಸಾಕು. ಕೆತ್ತನೆಗಾರರು ಇಟ್ಟುಕೊಳ್ಳೋ ಪವರ್ ಮೀಟರ್‌ಗೆ ಮೈಕ್ರೋವ್ಯಾಟ್ ಗೊತ್ತಾಗಲ್ಲ. ತಯಾರಕರಿಂದ ಆ ಮಾಡೆಲ್‌ನ ತರಂಗಾಂತರವಾರು ನಕ್ಷೆ ಕೇಳಿ. ಕೊಡದಿದ್ದರೆ ಬೇರೆ ಕಡೆ ನೋಡಿ.

ಪೀಣ್ಯ_ಕೆತ್ತನೆ:
ಪವರ್ ಕನ್ನಡಕ ಹಾಕೋ ಹುಡುಗ ಇದ್ದಾನೆ. ಅವನಿಗೆ? ಡಯೋಡ್‌ಗೆ ಕಿತ್ತಳೆ ಅಕ್ರಿಲಿಕ್ ಡಬ್ಬ ಮಾಡಿಸಿದರೆ ಫೈಬರ್‌ಗೂ ಅದೇ ಆಗುತ್ತಾ?

ಫೈಬರ್_ಗಿರಿ:
ಅವನಿಗೆ ಪವರ್ ಕನ್ನಡಕದ ಮೇಲೆ ಕೂರೋ, ಪಕ್ಕದಲ್ಲಿ ಸಂದಿ ಬಿಡದ ಮಾದರಿ ತನ್ನಿ. ಹಾಕಿದ ಮೇಲೆ ಕೆನ್ನೆ, ಮೂಗಿನ ಹತ್ತಿರ ಬೆರಳು ತೂರುತ್ತಾ ನೋಡಿ.

ಡಬ್ಬದ ವಿಷಯದಲ್ಲಿ ಎಚ್ಚರ: ಕಿತ್ತಳೆ ಅಕ್ರಿಲಿಕ್ ನೀಲಿಯನ್ನು ಹಿಡಿಯುತ್ತೆ, 1064ಅನ್ನು ಸಲೀಸಾಗಿ ಬಿಡುತ್ತೆ. ಪಾರದರ್ಶಕ ಅಕ್ರಿಲಿಕ್ ಹೀರೋದು ಸಿಒ2 ಲೇಸರ್‌ನ 10,600 ನ್ಯಾನೋಮೀಟರ್, ಅದನ್ನು ನೋಡಿಯೇ ಹಲವರು ಫೈಬರ್‌ಗೂ ಹಾಕಿಬಿಡ್ತಾರೆ. ಫೈಬರ್‌ಗೆ ಸುತ್ತಲೂ ತಗಡು, ಒಳಗೆ ಕ್ಯಾಮೆರಾ, ಬಾಗಿಲು ತೆರೆದರೆ ಲೇಸರ್ ನಿಲ್ಲಿಸೋ ಇಂಟರ್‌ಲಾಕ್. ಡಬ್ಬ ಸರಿಯಾಗಿದ್ದರೆ ಕನ್ನಡಕ ಎರಡನೇ ಗೋಡೆ ಅಷ್ಟೇ.

ತೊಳೆಯೋಕೆ ಸೋಪು ನೀರು. ಥಿನ್ನರ್, ಅಸಿಟೋನ್ ಪ್ಲಾಸ್ಟಿಕ್ ಲೆನ್ಸನ್ನು ಹಾಳು ಮಾಡುತ್ತೆ. ಬಣ್ಣ ಮಾಸಿದ್ದು, ಆಳವಾಗಿ ಗೀರು ಬಿದ್ದದ್ದನ್ನು ಮುರಿದೇ ಎಸೆಯಿರಿ, ಇಲ್ಲದಿದ್ದರೆ ಇನ್ಯಾರೋ ಎತ್ತಿ ಹಾಕಿಕೊಳ್ತಾರೆ. ಕಣ್ಣಲ್ಲಿ ಹೋಗದ ಚುಕ್ಕೆ, ಮಬ್ಬು ಬಂದರೆ ಮಿಂಟೋ ಅಥವಾ ಯಾವುದಾದರೂ ಕಣ್ಣಾಸ್ಪತ್ರೆಯಲ್ಲಿ ಅವತ್ತೇ ರೆಟಿನಾ ಡಾಕ್ಟರಿಗೆ ತೋರಿಸಿ, ಲೇಸರ್‌ನ ತರಂಗಾಂತರ ಮತ್ತು ವ್ಯಾಟ್ ಬರೆದ ಚೀಟಿ ಜೊತೆಗಿರಲಿ.