ಕನಸಿನಂಥ ಹಾರರ್ ಗೇಮ್‌ನಲ್ಲಿ ದಾರಿ ತೋರಿಸುವುದು ಹೇಗೆ?

ಪ್ರಶ್ನೆ: ನಮಸ್ಕಾರ ಸರ್. ಗೆಳೆಯನೊಂದಿಗೆ ಸೇರಿ ಒಂದು ಹಾರರ್ ಗೇಮ್ ಮಾಡುತ್ತಿದ್ದೇನೆ. ಇರುವುದು ಒಂದೇ ಮನೆ, ಬಾಗಿಲು ತೆರೆದಾಗಲೆಲ್ಲ ಕೋಣೆಗಳು ಬದಲಾಗುತ್ತವೆ. ಆಡಿದವರು ಮುಂದೇನು ಮಾಡಬೇಕೆಂದು ತೋಚದೆ ಅರ್ಧಕ್ಕೇ ಬಿಟ್ಟರು. ಬಾಣದ ಗುರುತು ಹಾಕಿದರೆ ಭಯವೇ ಉಳಿಯುವುದಿಲ್ಲ. ಏನು ಮಾಡಲಿ?

ಉತ್ತರ (ಲೆವೆಲ್ ಡಿಸೈನರ್, ಅಂದರೆ ಆಟದೊಳಗಿನ ಜಾಗ, ದಾರಿಗಳನ್ನು ರೂಪಿಸುವವರು): ಬಾಣ ಬೇಡ. ಆದರೆ ಎರಡು ಬಗೆಯ ಗೊಂದಲವನ್ನು ಬೇರೆಮಾಡಿ ನೋಡಿ. 'ಇದೆಲ್ಲ ಏನು?' ಎಂದು ಆಟಗಾರನಿಗೆ ತಿಳಿಯದಿದ್ದರೆ ಅವನು ಹೆದರುತ್ತಾನೆ. 'ಈಗ ಏನು ಮಾಡಲಿ?' ಎಂದು ತಿಳಿಯದಿದ್ದರೆ ಬೇಸತ್ತು ಎದ್ದು ಹೋಗುತ್ತಾನೆ.

2001ರ 'ಸೈಲೆಂಟ್ ಹಿಲ್ 2' ಆಡಿ ನೋಡಿ. ಊರು ತುಂಬ ಮಂಜು, ಕಥೆಯ ತಲೆಬುಡ ಬೇಗ ಸಿಗುವುದಿಲ್ಲ. ಆದರೂ ನಕ್ಷೆ ಕೈಗೆ ಸಿಕ್ಕ ಮೇಲೆ, ತೆರೆಯದ ಬಾಗಿಲನ್ನು ನಾಯಕ ಜೇಮ್ಸ್ ತಾನೇ ಅದರಲ್ಲಿ ಗುರುತು ಹಾಕಿಕೊಳ್ಳುತ್ತಾನೆ. ಎತ್ತಿಕೊಳ್ಳಬಹುದಾದ ವಸ್ತು ಹತ್ತಿರವಿದ್ದರೆ ಅವನ ತಲೆ ಅತ್ತ ತಿರುಗುತ್ತದೆ. ವಿಕಾರ ಜೀವಿ ಸಮೀಪಿಸಿದರೆ ಅವನ ಬಳಿಯ ರೇಡಿಯೊ ಕರಕರ ಎನ್ನುತ್ತದೆ. ಸೂಚನೆಯೇ ಭಯವನ್ನೂ ಹೆಚ್ಚಿಸುತ್ತದೆ. ಇಂಥ ಕುಸುರಿ ಕೆಲಸ ನನಗೆ ಬಹಳ ಪ್ರೀತಿ.

ಪ್ರಶ್ನೆ: 2014ರ 'ಪಿ.ಟಿ.' ಎಂಬ ಹಾರರ್ ಗೇಮ್‌ನಲ್ಲಿ ಏನನ್ನೂ ಹೇಳಿಕೊಡುವುದಿಲ್ಲವಲ್ಲ ಸರ್?

ಉತ್ತರ: ಅಲ್ಲಿ ಜಾಗವೇ ದಾರಿ ಹೇಳುತ್ತದೆ. ತಿರುವಿರುವ ಒಂದು ಕಾರಿಡಾರ್, ಕೊನೆಯಲ್ಲೊಂದು ಬಾಗಿಲು. ದಾಟಿದರೆ ಮತ್ತೆ ಅದೇ ಕಾರಿಡಾರ್. ಜಾಗ ಬಾಯಿಪಾಠವಾಗಿರುವುದರಿಂದ ಬದಲಾದದ್ದು ತಟ್ಟನೆ ಕಣ್ಣಿಗೆ ಬೀಳುತ್ತದೆ. ಕೊನೆಯ ಒಗಟು ಮಾತ್ರ ತೀರ ಕಗ್ಗಂಟು. 'ಪಿ.ಟಿ.' ಮುಂದೆ ಬರಬೇಕಿದ್ದ ಆಟವೊಂದರ ಉಚಿತ ಮುನ್ನೋಟವಾಗಿತ್ತು, ಜನ ಅಂತರ್ಜಾಲದಲ್ಲಿ ಒಟ್ಟಾಗಿ ತಲೆ ಕೆಡಿಸಿಕೊಳ್ಳಲು ಆ ಒಗಟು ಹೊಂದುತ್ತಿತ್ತು. ಹಣ ಕೊಟ್ಟು ಒಬ್ಬನೇ ಆಡುವವನ ಮೇಲೆ ಅಂಥದ್ದನ್ನು ಹೇರಬೇಡಿ.

ನಿಮ್ಮ ಮನೆಯಲ್ಲಿ ಒಂದು ವಸ್ತು ಎಂದೂ ಬದಲಾಗದಿರಲಿ. ಉದಾಹರಣೆಗೆ, ಹಳದಿ ಬೆಳಕಿನ ಮೇಜುದೀಪ. ಅದು ಉರಿಯುವ ಕೋಣೆಯಲ್ಲಿ ಮಾಡಬೇಕಾದ ಕೆಲಸವೊಂದು ಖಂಡಿತ ಇರುತ್ತದೆ ಎಂಬುದನ್ನು ಮೊದಲ ಕೆಲವು ಕೋಣೆಗಳಲ್ಲೇ, ಅಪಾಯವಿಲ್ಲದಾಗ, ಕಲಿಸಿಬಿಡಿ. ಹಾಗೆಯೇ, ಕೆಲಸ ಮುಗಿದ ಕೋಣೆಯಿಂದ ಆಟಗಾರ ಹೊರಬಂದೊಡನೆ ಅದರ ಬಾಗಿಲನ್ನು ಮುಚ್ಚಿಬಿಡಿ. ಹುಡುಕುವ ಜಾಗ ಕಿರಿದಾಗುತ್ತದೆ, ಉಸಿರೂ ಕಟ್ಟುತ್ತದೆ.

ಇನ್ನೊಬ್ಬರ ಪ್ರಶ್ನೆ: ಕೊನೆಯಲ್ಲಿ ಆ ದೀಪವೇ ಮೋಸ ಮಾಡಿದರೆ ಹೇಗಿರುತ್ತದೆ ಸರ್?

ಉತ್ತರ: ಒಮ್ಮೆ ಮಾತ್ರ ಮಾಡಬಹುದು ಮೇಡಂ. ಆದರೆ ಮೋಸಹೋದ ಆಟಗಾರ ಹಿಂದಕ್ಕೆ ಬೀಳದೆ ಕಥೆಯ ಮುಂದಿನ ಘಟ್ಟಕ್ಕೇ ಬೀಳಬೇಕು. ಈ ಬದಲಾವಣೆಗಳ ನಂತರ ಆಟವನ್ನು ಹಿಂದೆ ಆಡದ ಹೊಸಬರಿಗೇ ಕೊಡಿ. ಪಕ್ಕದಲ್ಲಿ ಕುಳಿತು ಏನನ್ನೂ ವಿವರಿಸದೆ, ಅವರು ಎಲ್ಲಿಂದ ಹಿಂದಿರುಗಿದರು ಎಂಬುದನ್ನಷ್ಟೇ ಬರೆದುಕೊಳ್ಳಿ.