ಊರಿನ ವಸತಿ ಅಗತ್ಯವನ್ನು ಅಳೆಯಲು ಅರ್ಜಿಗಳ ಪಟ್ಟಿಯೊಂದೇ ಸಾಕೇ?

ಪ್ರಶ್ನೆ: ಹೇಮಾವತಿ ದಡದವನು

ನಾನು ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದವನು. ಊರಿನ ಜನಸಂಖ್ಯೆ 25 ಸಾವಿರದ ಆಸುಪಾಸು. ಮುಂದಿನ ಐದು ವರ್ಷಗಳಲ್ಲಿ ಇಲ್ಲಿಗೆ ಎಷ್ಟು ಮನೆ, ಎಷ್ಟು ನಿವೇಶನ ಬೇಕಾದೀತು ಎಂದು ಅಂದಾಜು ಮಾಡಿ ಪುರಸಭೆಯ ಮುಂದಿಡಲು ನಾವು ಎಂಟು ಜನ ಸೇರಿ ಕೆಲಸ ಆರಂಭಿಸಿದ್ದೇವೆ. ಕಚೇರಿಯಲ್ಲಿ ವಿಚಾರಿಸಿದಾಗ ವಸತಿ ಯೋಜನೆಗಳಿಗೆ ಬಂದ ಅರ್ಜಿಗಳ ಪಟ್ಟಿಯನ್ನು ಕೈಗಿತ್ತು, ಬೇಡಿಕೆ ಎಂದರೆ ಇದೇ, ಇದರ ಮೇಲೆ ಮತ್ತೊಂದು ಸಮೀಕ್ಷೆ ಏಕೆ ಎಂದರು. ಬೀದಿಯಲ್ಲಿ ಮಲಗುವವರ ಬಗ್ಗೆ ಕೇಳಿದರೆ ಅಂಥವರು ನಮ್ಮ ಊರಿನಲ್ಲಿ ಇಲ್ಲವೇ ಇಲ್ಲ ಎಂಬ ಉತ್ತರ ಬಂತು.

ಪಟ್ಟಿಯನ್ನು ಓದಿದ ಮೇಲೆ ನನಗೆ ಅನುಮಾನ ಹೆಚ್ಚಾಯಿತು. ನಮ್ಮ ಬೀದಿಯ ಒಂದೇ ಮನೆಯಿಂದ ಮೂರು ಅರ್ಜಿಗಳಿವೆ. ಸಂತೆ ಮೈದಾನದ ಹಿಂದೆ ಟಾರ್ಪಾಲು ಕಟ್ಟಿಕೊಂಡಿರುವ ಕುಟುಂಬಗಳಲ್ಲಿ ಒಬ್ಬರ ಹೆಸರೂ ಇಲ್ಲ. ಇಂಥ ಕೆಲಸ ಮಾಡಿದ ಅನುಭವವಿರುವವರು ದಾರಿ ತೋರಿಸಬೇಕಾಗಿ ವಿನಂತಿ.

ಉತ್ತರ: ನಿವೃತ್ತ ಮೇಷ್ಟ್ರು

2011ರ ಜನಗಣತಿಯಲ್ಲಿ ನಾನು ಗಣತಿದಾರನಾಗಿದ್ದೆ. ಮನೆಮನೆಯ ಎಣಿಕೆ ಫೆಬ್ರವರಿ 9ರಿಂದ 28ರವರೆಗೆ ನಡೆಯಿತು; ಮನೆಯಿಲ್ಲದವರ ಎಣಿಕೆಗೆ ಮಾತ್ರ 28ರ ಒಂದು ರಾತ್ರಿಯನ್ನು ಮೀಸಲಿಟ್ಟಿದ್ದರು. ರಸ್ತೆ ಬದಿ, ಕಾಲುದಾರಿ, ಮೇಲ್ಸೇತುವೆ ಮತ್ತು ಮೆಟ್ಟಿಲುಗಳ ಕೆಳಗೆ, ದೊಡ್ಡ ಸಿಮೆಂಟ್ ಪೈಪುಗಳೊಳಗೆ, ದೇವಸ್ಥಾನದ ಮಂಟಪದಲ್ಲಿ, ರೈಲು ನಿಲ್ದಾಣದಲ್ಲಿ ಬಯಲಿಗೆ ಬಿದ್ದವರೆಲ್ಲ ಮನೆಯಿಲ್ಲದವರು ಎಂಬುದು ನಮಗೆ ಕೊಟ್ಟ ವ್ಯಾಖ್ಯೆ. ಹಾಗೆ ಎಣಿಸಿದಾಗ ದೇಶದಲ್ಲಿ 17.7 ಲಕ್ಷ ಜನ ಸಿಕ್ಕರು, ನಮ್ಮ ರಾಜ್ಯದಲ್ಲಿ ಸುಮಾರು 77 ಸಾವಿರ.

ಆ ರಾತ್ರಿ ನನ್ನ ಪಾಲಿಗೆ ಬಂದದ್ದು ಬಸ್ ನಿಲ್ದಾಣ. ಕೊನೆಯ ಬಸ್ಸು ಹೋದ ಮೇಲೆ ಅಂಗಡಿಗಳ ಷಟರ್ ಮುಂದೆ ಗೋಣಿಚೀಲ ಹಾಸಿ ಮಲಗಿದ್ದ ಗಂಡಸರನ್ನು ಬರೆದುಕೊಳ್ಳುವುದು ಸುಲಭವಾಯಿತು. ಆದರೆ ವಿಚಾರಣೆ ಕಿಟಕಿಯ ದೀಪದ ಕೆಳಗೆ ಒಬ್ಬ ಹೆಂಗಸು ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಕುಳಿತಿದ್ದರು. ಕೇಳಿದ್ದಕ್ಕೆ ಬೆಳಗಿನ ಮೊದಲ ಬಸ್ಸಿಗೆ ಕಾಯುತ್ತಿದ್ದೇನೆ ಎಂದರು. ಪ್ರಯಾಣಿಕರೆಂದು ತಿಳಿದು ನಾನು ಬರೆದುಕೊಳ್ಳಲಿಲ್ಲ. ವಾರ ಕಳೆದು ಸಂಬಂಧಿಕರನ್ನು ಕರೆತರಲು ರಾತ್ರಿ ಅಲ್ಲಿಗೆ ಹೋದರೆ ಅದೇ ಕೈಚೀಲ, ಅದೇ ಜಾಗ. ಹೆಂಗಸರು ಬಯಲಿನಲ್ಲಿ ಮಲಗುವುದಿಲ್ಲ, ಜನ ಮತ್ತು ಬೆಳಕು ಇರುವ ಕಡೆ ಕುಳಿತೇ ಬೆಳಗು ಮಾಡುತ್ತಾರೆ ಎಂಬುದು ನನಗೆ ಆಗ ಹೊಳೆಯಿತು. ಆಸ್ಪತ್ರೆಯ ಜಗಲಿಯಲ್ಲೂ ರೋಗಿಯ ಕಡೆಯವರು ಎಂದು ಹೇಳಿಕೊಂಡು ಹೀಗೆಯೇ ಇರುತ್ತಾರೆ.

ಆದ್ದರಿಂದ ರಾತ್ರಿ 11ರ ನಂತರ ಹೊರಡಿರಿ, ಊರಿನ ಎಲ್ಲ ಜಾಗಗಳನ್ನೂ ಒಂದೇ ರಾತ್ರಿ ಮುಗಿಸಿರಿ, ಪೊಲೀಸರನ್ನು ಜೊತೆಗೆ ಕರೆದೊಯ್ಯಬೇಡಿರಿ. ಕರೆದೊಯ್ದರೆ ಅರ್ಧ ಜನ ಎದ್ದು ಹೋಗುತ್ತಾರೆ. ತಂಡದಲ್ಲಿ ಹೆಂಗಸರು ಇರಲೇಬೇಕು. ನಿಮ್ಮದು ಕಾಫಿ ಸೀಮೆಯ ಅಂಚಾದರೆ ಕಾಫಿ ಕೊಯ್ಲಿನ ಕಾಲದಲ್ಲಿ ಒಮ್ಮೆ, ಮುಂಗಾರಿನಲ್ಲಿ ಒಮ್ಮೆ ಎಣಿಸಿ. ಕೊಯ್ಲಿಗೆ ಹೊರಗಿನಿಂದ ಕೂಲಿಯವರು ಬರುವುದರಿಂದ ಎರಡು ಲೆಕ್ಕಗಳೂ ಒಂದೇ ಬಂದರೆ ಎಲ್ಲೋ ತಪ್ಪಿದ್ದೀರಿ ಎಂದೇ ತಿಳಿಯಬೇಕು.

ಉತ್ತರ: ನಕ್ಷೆಗಾರ

ಮೇಷ್ಟ್ರು ಹೇಳಿದ್ದು ಬಯಲಿನಲ್ಲಿರುವವರ ಮಾತು. ಒಂದೇ ಮನೆಯ ಮೂರು ಅರ್ಜಿಗಳನ್ನು ತಾವು ಅನುಮಾನದಿಂದ ನೋಡಿದ್ದೀರಿ; ನಾನಾದರೆ ಮೊದಲು ಆ ಮನೆಗೇ ಹೋಗುತ್ತಿದ್ದೆ. 2012ರಲ್ಲಿ ಅರ್ಥಶಾಸ್ತ್ರಜ್ಞ ಅಮಿತಾಭ್ ಕುಂಡು ನೇತೃತ್ವದ ತಾಂತ್ರಿಕ ಸಮಿತಿ ದೇಶದ ನಗರಗಳಲ್ಲಿ ಸುಮಾರು 1.88 ಕೋಟಿ ಮನೆಗಳ ಕೊರತೆಯಿದೆ ಎಂದಿತು. ಅದರಲ್ಲಿ ಸೂರೇ ಇಲ್ಲದವರ ಪಾಲು 5.3 ಲಕ್ಷ ಮಾತ್ರ, ಸುಮಾರು 1.5 ಕೋಟಿ ಇಕ್ಕಟ್ಟಿನ ಲೆಕ್ಕ, ಅಂದರೆ ಮದುವೆಯಾದ ಜೋಡಿಗೆ ಪ್ರತ್ಯೇಕ ಕೋಣೆಯಿಲ್ಲದ ಕುಟುಂಬಗಳು. ಅಪ್ಪ ಅಮ್ಮ, ಮದುವೆಯಾದ ಇಬ್ಬರು ಗಂಡುಮಕ್ಕಳು, ನಡುವೆ ಸೀರೆಯ ಪರದೆ, ಇರುವುದು ಒಂದು ಪಡಸಾಲೆ ಮತ್ತು ಅಡುಗೆಮನೆ ಎಂದಾದರೆ ಮೂರು ಅರ್ಜಿಗಳಲ್ಲಿ ಎರಡು ನ್ಯಾಯವಾದವೇ. ಅದೇ ಹೊತ್ತಿಗೆ 2011ರ ಗಣತಿಯ ಪ್ರಕಾರ ನಗರಗಳಲ್ಲಿ 1.1 ಕೋಟಿ ಮನೆಗಳು ಖಾಲಿ ಬಿದ್ದಿದ್ದವು ಎಂಬುದನ್ನೂ ನೆನಪಿಡಬೇಕು. ನಿಮ್ಮ ಸಮೀಕ್ಷೆಯಲ್ಲಿ ಬೀಗ ಹಾಕಿದ ಮನೆಗಳನ್ನು, ಅಲ್ಲಿನ ಬಾಡಿಗೆ ಮತ್ತು ಮುಂಗಡದ ಮೊತ್ತವನ್ನು ಬರೆದುಕೊಳ್ಳದಿದ್ದರೆ, ಬಾಡಿಗೆಯಿಂದಲೇ ಬಗೆಹರಿಯಬಹುದಾದ ಅಗತ್ಯಕ್ಕೂ ಹೊಸ ಮನೆಯನ್ನೇ ಕೇಳಿದಂತಾಗುತ್ತದೆ.

ಇನ್ನೊಂದು ಮಾತು. ನಮ್ಮ ಕಡತಗಳಲ್ಲಿ ‘ವಸತಿರಹಿತ’ ಎಂದರೆ ಸಾಮಾನ್ಯವಾಗಿ ನಿವೇಶನವಿದ್ದು ಮನೆಯಿಲ್ಲದವನು. ‘ನಿವೇಶನರಹಿತ’ ಎಂದರೆ ಜಾಗವೂ ಇಲ್ಲದವನು. ಷಟರ್ ಮುಂದೆ ಮಲಗುವವನಿಗೆ ಈ ಎರಡು ಅಂಕಣಗಳಲ್ಲೂ ಜಾಗವಿಲ್ಲ. ಅರ್ಜಿಗೆ ಪಡಿತರ ಚೀಟಿ, ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರ ಬೇಕು. ಟಾರ್ಪಾಲಿನ ಕುಟುಂಬಗಳ ಹೆಸರು ಪಟ್ಟಿಯಲ್ಲಿ ಇಲ್ಲದಿರುವುದಕ್ಕೆ ಕಾರಣ ಅಲ್ಲಿಯೇ ಇದೆ. ಕೇಂದ್ರದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದಲ್ಲಿ ಲಕ್ಷ ಜನಸಂಖ್ಯೆಗೆ ಮನೆಯಿಲ್ಲದ ನೂರು ಜನ ತಂಗುವ ಒಂದು ಆಶ್ರಯಧಾಮ ಎಂಬ ಮಾನದಂಡವಿತ್ತು. ಅದನ್ನು ಭಾಗಿಸಿ ನಿಮ್ಮ ಊರಿಗೆ 25 ಹಾಸಿಗೆ ಎಂದು ಬರೆದು ಕೈತೊಳೆದುಕೊಳ್ಳುವವರು ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಎಣಿಸಿಯೇ ಬರೆಯಿರಿ.

ಉತ್ತರ: ಯಾದಗಿರಿ ಕಡೆಯವ

ನಮ್ಮ ಭಾಗದಲ್ಲಿ ಸುಗ್ಗಿ ಮುಗಿಯುತ್ತಲೇ ಗುಳೆ ಆರಂಭವಾಗುತ್ತದೆ. ಸಮೀಕ್ಷೆಗೆ ಬಂದವರು ತಾಂಡಾದಲ್ಲಿ ಬಾಗಿಲಿಗೆ ಬೀಗ ಕಂಡು ಮುಂದಕ್ಕೆ ಹೋಗುತ್ತಾರೆ. ಅದೇ ಕುಟುಂಬ ಬೆಂಗಳೂರಿನ ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ ಇದ್ದರೆ ಅಲ್ಲಿಯವರು ಊರಿನವರಲ್ಲ ಎಂದು ಬಿಡುತ್ತಾರೆ. ಎರಡೂ ಕಡೆ ಲೆಕ್ಕವಿಲ್ಲ. ಸಂತೆ ಮೈದಾನದವರನ್ನು ಎಷ್ಟು ತಿಂಗಳು ಇಲ್ಲಿರುತ್ತೀರಿ, ಯುಗಾದಿಗೋ ಮೊಹರಂಗೋ ಊರಿಗೆ ಹೋದರೆ ಮತ್ತೆ ಬರುತ್ತೀರಾ ಎಂದು ಕೇಳಿ. ಆರು ತಿಂಗಳು ಇರುವವರಿಗೆ ಬೇಕಾದದ್ದು ಹಕ್ಕುಪತ್ರವಲ್ಲ; ನೀರು, ಶೌಚಾಲಯ, ಬೀಗ ಹಾಕಬಹುದಾದ ಬಾಡಿಗೆ ಕೋಣೆ.

ಉತ್ತರ: ಕೊಡಗಿನ ಓದುಗಿ

ತಮ್ಮ ಸುತ್ತಮುತ್ತ ತೋಟಗಳಿದ್ದರೆ ಲೈನ್ ಮನೆಗಳನ್ನು, ಅಂದರೆ ತೋಟದ ಮಾಲೀಕರು ಕೂಲಿಯವರಿಗೆ ಕೊಟ್ಟ ಸಾಲು ಮನೆಗಳನ್ನು, ಮರೆಯಬೇಡಿ. ಗೋಡೆ ಇದೆ, ಮಾಡು ಇದೆ, ಆದ್ದರಿಂದ ಗಣತಿಯಲ್ಲಿ ಅವರು ಮನೆಯುಳ್ಳವರೇ. ಆದರೆ ತೋಟದ ಕೆಲಸ ನಿಂತ ದಿನ ಆ ಮನೆಯೂ ಹೋಗುತ್ತದೆ. 2016ರಲ್ಲಿ ನಮ್ಮ ಕೊಡಗಿನ ದಿಡ್ಡಳ್ಳಿಯಲ್ಲಿ ಗುಡಿಸಲು ಹಾಕಿದ ಆದಿವಾಸಿಗಳಲ್ಲಿ ಅನೇಕರು ಲೈನ್ ಮನೆಗಳಿಂದ ಹೊರಬಂದವರು. ಆ ವರ್ಷದ ಡಿಸೆಂಬರಿನಲ್ಲಿ ಗುಡಿಸಲುಗಳನ್ನು ತೆರವುಗೊಳಿಸಿದ ಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಪುನರ್ವಸತಿ ಸಿಕ್ಕಿತು, ಆದರೆ ತಾಲ್ಲೂಕೇ ಬೇರೆ. ಕೂಲಿ ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆಯನ್ನು ವಸತಿಯ ಪ್ರಶ್ನೆಯ ಪಕ್ಕದಲ್ಲೇ ಇಡಿ.

ಮರು ಉತ್ತರ: ಹೇಮಾವತಿ ದಡದವನು

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಆ ಮೂರು ಅರ್ಜಿಗಳ ಮನೆಗೆ ಹೋಗಿಬಂದೆವು. ಸೀರೆಯ ಪರದೆಯಲ್ಲ, ಪ್ಲೈವುಡ್ ಹಲಗೆ, ಉಳಿದುದೆಲ್ಲ ನಕ್ಷೆಗಾರರು ಬರೆದ ಹಾಗೆಯೇ ಇತ್ತು. ನಮ್ಮ ನಮೂನೆಯ ಮೊದಲ ಅಂಕಣ ‘ಖಾಯಂ ವಿಳಾಸ’ ಎಂದಿತ್ತು, ಅದನ್ನು ಹೊಡೆದು ‘ಕಳೆದ ರಾತ್ರಿ ಎಲ್ಲಿ ತಂಗಿದ್ದಿರಿ’ ಎಂದು ಬರೆದಿದ್ದೇವೆ. ಮೊದಲ ರಾತ್ರಿ ಎಣಿಕೆಯನ್ನು ಜನವರಿಯಲ್ಲಿ ಇಟ್ಟುಕೊಂಡಿದ್ದೇವೆ. ಬಸ್ ನಿಲ್ದಾಣಕ್ಕೆ ಹೋಗಲು ನಮ್ಮ ತಂಡದ ಇಬ್ಬರು ಹೆಣ್ಣುಮಕ್ಕಳು ಒಪ್ಪಿದ್ದಾರೆ. ಆಸ್ಪತ್ರೆಯ ಜಗಲಿಗೆ ಇನ್ನೂ ಒಬ್ಬರು ಬೇಕಾಗಿದ್ದಾರೆ.